ತೊಮಾಸ್ ಮೆಹಿಯಾ ಸಂಪ್ರದಾಯವಾದಿಗಳ ಪಕ್ಷ ಹಿಡಿದದ್ದೇಕೆ?

ಶಿರಸಿಯ ಓದುಗ
ಮೆಕ್ಸಿಕೋದ ಸೇನಾಪತಿ ತೊಮಾಸ್ ಮೆಹಿಯಾ 1820ರಲ್ಲಿ ಸಿಯೆರಾ ಗೋರ್ದಾ ಎಂಬ ಬೆಟ್ಟಸೀಮೆಯಲ್ಲಿ ಹುಟ್ಟಿದ ಒತೊಮಿ ಮೂಲನಿವಾಸಿ. ಅವರು ಜೀವಮಾನವಿಡೀ ವಿರೋಧಿಸಿದ ಉದಾರವಾದಿ ನಾಯಕ ಬೆನಿತೋ ಹುವಾರೆಸ್ ಕೂಡ ಸಾಪೊತೆಕ್ ಮೂಲನಿವಾಸಿಯೇ. ಹುವಾರೆಸ್ ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುತ್ತಿದ್ದಾಗ ಮೆಹಿಯಾ ಚರ್ಚಿನ ಪಕ್ಷ ಸೇರಿ, ಕಡೆಗೆ ಫ್ರೆಂಚರು ತಂದು ಕೂರಿಸಿದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಜೊತೆಗೇ ಪ್ರಾಣ ಬಿಟ್ಟರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಸಿದ್ದಾಪುರದ ತೋಟಿಗ
ಉದಾರವಾದಿ ಸರ್ಕಾರ 1856ರಲ್ಲಿ ತಂದ ಲೆರ್ದೋ ಕಾನೂನನ್ನು ಗಮನಿಸಿ. ಅದು ಚರ್ಚಿನ ಆಸ್ತಿಯನ್ನಷ್ಟೇ ಅಲ್ಲ, ಮೂಲನಿವಾಸಿ ಹಳ್ಳಿಗಳು ಒಟ್ಟಾಗಿ ಅನುಭವಿಸುತ್ತಿದ್ದ ಜಮೀನನ್ನೂ ಒಡೆದು ಖಾಸಗಿ ಮಾಲೀಕರಿಗೆ ಸೇರಿಸಲು ದಾರಿ ಮಾಡಿತು. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು, ಕೊಟ್ಟಿಗೆಗೆ ಹಾಸಿ, ಆ ಗೊಬ್ಬರವನ್ನೇ ಅಡಿಕೆ ಮರದ ಬುಡಕ್ಕೆ ಹಾಕುವ ನಮಗೆ, ಬೆಟ್ಟ ಕೈತಪ್ಪಿದರೆ ತೋಟವೂ ಉಳಿಯದೆಂದು ಯಾರೂ ವಿವರಿಸಬೇಕಾಗಿಲ್ಲ. ಕಾಗದದ ಮೇಲಿನ ಸಮಾನತೆ ಹಳ್ಳಿಯವರಿಗೆ ನಷ್ಟವಾಗಿಯೇ ಕಂಡಿರಬೇಕು. ಮ್ಯಾಕ್ಸಿಮಿಲಿಯನ್ ಆದರೋ 1866ರಲ್ಲಿ ಹಳ್ಳಿಗಳ ಸಾಮೂಹಿಕ ಜಮೀನಿಗೆ ಮತ್ತೆ ಮಾನ್ಯತೆ ಕೊಡುವ ಕಾನೂನು ತಂದರು.

ಕಾರವಾರದಿಂದ
ತೋಟಿಗರ ಮಾತನ್ನು ಒಪ್ಪುತ್ತೇನೆ, ಆದರೆ ಜಮೀನೊಂದೇ ಕಾರಣವೆಂದರೆ ಮೆಹಿಯಾ ಅವರಿಗೆ ಅನ್ಯಾಯವಾಗುತ್ತದೆ. ಅವರು ಕಟ್ಟಾ ಕ್ಯಾಥೊಲಿಕ್. ಮ್ಯಾಕ್ಸಿಮಿಲಿಯನ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, 1856ರಲ್ಲಿ, ಧರ್ಮದ ಹೆಸರಿನಲ್ಲಿ ಉದಾರವಾದಿ ಸರ್ಕಾರದ ವಿರುದ್ಧ ಎದ್ದಿದ್ದವರು. ಕೊಟ್ಟ ಮಾತಿಗೆ ತಪ್ಪದ ಗುಣವೂ ಅವರದಾಗಿತ್ತು. ಹಿಂದೊಮ್ಮೆ ಸೆರೆಸಿಕ್ಕಿದ್ದ ಉದಾರವಾದಿ ಸೇನಾನಿ ಮಾರಿಯಾನೋ ಎಸ್ಕೊಬೇದೊ ಅವರ ಜೀವ ಉಳಿಸಿದ್ದವರು ಇದೇ ಮೆಹಿಯಾ. 1867ರ ಮೇ ತಿಂಗಳಲ್ಲಿ ಕೆರೆತಾರೋ ನಗರ ಅದೇ ಎಸ್ಕೊಬೇದೊ ವಶವಾದಾಗ, ಆ ಋಣ ತೀರಿಸಲು ಅವರು ಮೆಹಿಯಾಗೆ ತಪ್ಪಿಸಿಕೊಳ್ಳುವ ಅವಕಾಶ ಕೊಡಲು ಮುಂದಾದರಂತೆ. ಚಕ್ರವರ್ತಿಯನ್ನು ಬಿಟ್ಟು ತಾನೊಬ್ಬನೇ ಹೋಗಲು ಮೆಹಿಯಾ ಒಪ್ಪಲಿಲ್ಲವೆನ್ನುತ್ತಾರೆ. ಜೂನ್ 19ರಂದು ಸೆರೋ ದೆ ಲಾಸ್ ಕಂಪಾನಾಸ್ ಗುಡ್ಡದಲ್ಲಿ ಮ್ಯಾಕ್ಸಿಮಿಲಿಯನ್ ಮತ್ತು ಇನ್ನೊಬ್ಬ ಸಂಪ್ರದಾಯವಾದಿ ಸೇನಾಪತಿ ಮಿರಮೋನ್ ಜೊತೆಗೆ ಗುಂಡಿಗೆ ಎದೆಯೊಡ್ಡಿದರು.

ಶಿರಸಿಯ ಓದುಗ
ಇಬ್ಬರಿಗೂ ಕೃತಜ್ಞತೆಗಳು. ಅವರ ಶವಸಂಸ್ಕಾರದ ವಿಚಾರವಾಗಿಯೂ ಏನೋ ಕೇಳಿದ್ದೆ.

ಕಾರವಾರದಿಂದ
ಹೌದು. ಹೂಳುವುದಕ್ಕೂ ಹಣವಿಲ್ಲದೆ, ಕೆಡದಂತೆ ಮದ್ದು ತುಂಬಿದ ಶವವನ್ನು ಹೆಂಡತಿ ಮನೆಯಲ್ಲಿಯೇ ಕುರ್ಚಿಯ ಮೇಲೆ ಕೂರಿಸಿ ಇಟ್ಟುಕೊಂಡಿದ್ದರೆಂದು ಹೇಳುತ್ತಾರೆ. ವಿಷಯ ತಿಳಿದ ಹುವಾರೆಸ್ ಅವರೇ ಖರ್ಚು ಕೊಟ್ಟರಂತೆ. ಮೆಕ್ಸಿಕೋ ನಗರದ ಸಾನ್ ಫೆರ್ನಾಂದೊ ಸ್ಮಶಾನದಲ್ಲಿ ಮೆಹಿಯಾ ಸಮಾಧಿಯಿದೆ. 1872ರಲ್ಲಿ ತೀರಿಕೊಂಡ ಹುವಾರೆಸ್ ಅವರದೂ ಅಲ್ಲಿಯೇ ಇದೆ.