ಅಪ್‌ಡೇಟ್: ಮಗಳ ಸಾಹಿತ್ಯ ಪರೀಕ್ಷೆ ಮುಗಿಯಿತು

ನೈಜೀರಿಯಾದ ಲಾಗೋಸ್‌ನಲ್ಲಿ ಓದುವ ಮಗಳ ವಾಯೆಕ್ (ಪಶ್ಚಿಮ ಆಫ್ರಿಕಾದ ಪರೀಕ್ಷಾ ಮಂಡಳಿ) ಸಾಹಿತ್ಯ ಪರೀಕ್ಷೆಗೆ ಗೈಡ್ ಒಂದೇ ಸಾಕಾ ಅಂತ ಕೇಳಿದ್ದೆ. ಪುಸ್ತಕಗಳನ್ನೇ ಓದಿಸಿ ಅಂದಿರಿ. ಓದಿಸಿದೆವು, ಒಳ್ಳೆಯದೇ ಆಯಿತು.

ಮೊದಲ ಪೇಪರ್‌ನ 50 ಪ್ರಶ್ನೆಗಳಲ್ಲಿ 20 ಷೇಕ್ಸ್‌ಪಿಯರ್ ನಾಟಕದ್ದೇ. ಸಾಲು ಕೊಟ್ಟು, ಹೇಳಿದ್ದು ಯಾರು, ಯಾರಿಗೆ ಅಂತ ಕೇಳುತ್ತಾರೆ. ಗೈಡ್‌ನ ಕಥಾಸಾರ ಅಲ್ಲಿ ಕೆಲಸಕ್ಕೆ ಬರಲ್ಲ.

ಅವಳಿಗೆ ಜಾಸ್ತಿ ಹಿಡಿಸಿದ್ದು ನೈಜೀರಿಯಾದ ನಾಟಕಕಾರ ಸೋಯಿಂಕಾ ಅವರ ನಾಟಕ ‘ದಿ ಲಯನ್ ಆ್ಯಂಡ್ ದ ಜ್ಯುವೆಲ್’. ಮೇಷ್ಟ್ರು ಲಕುನ್ಲೆಗೆ ಊರಿನ ಚೆಲುವೆ ಸಿಡಿಯನ್ನು ಮದುವೆಯಾಗಬೇಕು, ಆದರೆ ತೆರ (ಹೆಣ್ಣಿನ ಮನೆಯವರಿಗೆ ಗಂಡು ಕೊಡುವ ಹಣ) ಕೊಡಲ್ಲ. ತೆರ ಇಲ್ಲದೆ ಮದುವೆಯಾಗಿ ಊರವರ ಬಾಯಿಗೆ ಬೀಳಲ್ಲ ಅಂತ ಸಿಡಿಯ ಹಟ. ‘ಅಲ್ಲಿ ದುಡ್ಡು ಕೊಡೋದು ಗಂಡಿನ ಕಡೆಯವರಾ?’ ಅಂತ ನಮ್ಮತ್ತೆ ಫೋನಿನಲ್ಲೇ ಬೆರಗಾದರು!

ಕವನಗಳು ಮಾತ್ರ ಕಷ್ಟವಾದವಂತೆ. ರಿಸಲ್ಟ್ ಇನ್ನೂ ಬಂದಿಲ್ಲ.