ಐದು ತಿಂಗಳ ಮಗುವನ್ನು ಯಾರ ಕೈಗೆ ಒಪ್ಪಿಸುವುದು?

ಪ್ರಶ್ನೆ ಕೇಳಿದ ತಾಯಿ:
ಎಲ್ಲರಿಗೂ ನಮಸ್ಕಾರ. ನಾವು ಹೊರದೇಶದಲ್ಲಿರುವ ಕನ್ನಡಿಗರು. ನಮ್ಮ ಮಗಳಿಗೆ ಈಗ ನಾಲ್ಕೂವರೆ ತಿಂಗಳು. ಇನ್ನು 6 ವಾರಗಳಲ್ಲಿ ನನ್ನ ಹೆರಿಗೆ ರಜೆ ಮುಗಿಯುತ್ತದೆ. ಡೇಕೇರ್‌ಗೆ ಸೇರಿಸುವುದೋ, ಮನೆಗೇ ಬಂದು ನೋಡಿಕೊಳ್ಳುವವರನ್ನು ಗೊತ್ತುಮಾಡುವುದೋ, ಅತ್ತೆಯವರನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುವುದೋ ಎಂಬುದು ತೀರ್ಮಾನವಾಗದೆ ಮನಸ್ಸಿಗೆ ನೆಮ್ಮದಿಯೇ ಇಲ್ಲ. ಕಳೆದ ವಾರ ಒಂದು ಡೇಕೇರ್ ನೋಡಿ ಬಂದೆವು. ಗೋಡೆಯ ತುಂಬ ಚಿತ್ರಗಳಿದ್ದವು, ನೆಲ ಥಳಥಳ ಹೊಳೆಯುತ್ತಿತ್ತು. ಆದರೆ ಮೂಲೆಯಲ್ಲಿ ಒರಗುಕುರ್ಚಿಗೆ ಪಟ್ಟಿ ಬಿಗಿದು ಕೂರಿಸಿದ್ದ ಒಂದು ಕೂಸು ನಾವು ಅಲ್ಲಿದ್ದ 20 ನಿಮಿಷವೂ ಸಣ್ಣಗೆ ಅಳುತ್ತಲೇ ಇತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಆ ದನಿ ಇನ್ನೂ ಕಿವಿಯಲ್ಲಿದೆ. ಸಾಲದ್ದಕ್ಕೆ ನಮ್ಮ ಮಗಳು ಬಾಟಲಿಯನ್ನು ತುಟಿಗೆ ತಾಕಿಸಿದರೆ ಸಾಕು, ಮುಖ ತಿರುಗಿಸುತ್ತಾಳೆ. ಡೇಕೇರ್‌ನಲ್ಲಿ ಏನನ್ನು ಗಮನಿಸಬೇಕು, ಬಾಟಲಿಯನ್ನು ಹೇಗೆ ರೂಢಿಮಾಡಿಸಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಇಬ್ಬರು ಮಕ್ಕಳ ತಾಯಿ:
ತಂಗಿ, ನಿಮ್ಮ ಕಣ್ಣಿಗೆ ಬಿದ್ದದ್ದೇ ಸರಿಯಾದ ಗುರುತು. ಗೋಡೆ ನೋಡಬೇಡಿ, ಅಳುವ ಮಗುವಿನ ಹತ್ತಿರ ಯಾರಾದರೂ ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದನ್ನು ನೋಡಿ. ಒಂದು ವರ್ಷದೊಳಗಿನ ಮಕ್ಕಳಾದರೆ ಒಬ್ಬ ಆರೈಕೆದಾರರ ಪಾಲಿಗೆ 3 ಅಥವಾ 4 ಮಕ್ಕಳಿಗಿಂತ ಹೆಚ್ಚು ಇರಬಾರದು. ಕಾಗದದ ಮೇಲಿನ ಲೆಕ್ಕವನ್ನು ನಂಬದೆ, ಸಂಜೆ ಎಲ್ಲರೂ ದಣಿದಿರುವ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ತಲೆ ಎಣಿಸಿ. ಮಕ್ಕಳನ್ನು ಹೇಗೆ ಮಲಗಿಸುತ್ತೀರಿ ಎಂದು ಕೇಳಿ. ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ಅಂಗಾತ, ದಿಂಬು, ಹೊದಿಕೆ, ಗೊಂಬೆ ಯಾವುದೂ ಇಲ್ಲದೆ ಎಂಬ ಉತ್ತರ ತಡವರಿಸದೆ ಬರಬೇಕು. ಒರಗುಕುರ್ಚಿಯಲ್ಲೇ ನಿದ್ದೆ ಮಾಡಲು ಬಿಡುವ ಕಡೆಗೆ ನಾನಂತೂ ಮಗುವನ್ನು ಕಳುಹಿಸುವುದಿಲ್ಲ, ಏಕೆಂದರೆ ಇಷ್ಟು ಎಳೆಯ ಕೂಸಿನ ತಲೆ ಮುಂದಕ್ಕೆ ವಾಲಿದರೆ ಉಸಿರಿನ ದಾರಿಯೇ ಮುಚ್ಚಿಕೊಳ್ಳಬಹುದು. ಉಸಿರುಗಟ್ಟಿದ ಶಿಶುವಿಗೆ ಪ್ರಥಮ ಚಿಕಿತ್ಸೆ ಮಾಡುವ ತರಬೇತಿ ಯಾರಿಗೆ ಆಗಿದೆ, ಅವರು ದಿನವಿಡೀ ಅದೇ ಕೋಣೆಯಲ್ಲಿ ಇರುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಇನ್ನೊಂದು ಮಾತು: ಈಗಿರುವ ಆರೈಕೆದಾರರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳುವುದನ್ನು ಮರೆಯಬೇಡಿ. ಎರಡು ತಿಂಗಳಿಗೊಂದು ಹೊಸ ಮುಖವಾದರೆ ಮಗುವಿಗೆ ಯಾರೂ ತನ್ನವರಾಗುವುದಿಲ್ಲ.

ಹಿರಿಯ ಸದಸ್ಯರು:
ಕ್ಷಮಿಸಿ, ಈ ಪಟ್ಟಿಗಳಿಂದ ಏನೂ ಆಗದು. ಐದು ತಿಂಗಳ ಕೂಸಿಗೆ ಬೇಕಾದದ್ದು ತಾಯಿಯ ಮಡಿಲು, ಅದಕ್ಕೆ ಬದಲಿ ಇಲ್ಲ. ನನ್ನ ಮಡದಿ ಒಳ್ಳೆಯ ಹುದ್ದೆಯನ್ನು ಬಿಟ್ಟು ಮನೆಯಲ್ಲಿ ಉಳಿದಳು; ಇಂದು ನಮ್ಮ ಇಬ್ಬರು ಗಂಡುಮಕ್ಕಳೂ ಅಚ್ಚ ಕನ್ನಡದಲ್ಲಿ ಮಾತನಾಡುತ್ತಾರೆ, ಅಜ್ಜ ಅಜ್ಜಿಗೆ ತಾವೇ ಕಾಗದ ಬರೆಯುತ್ತಾರೆ. ಡೇಕೇರ್‌ನಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಅಮ್ಮನ ಭಾಷೆ ಉಳಿಯುವುದಿಲ್ಲ. ಕೆಲಸ ಇನ್ನೊಂದು ಸಿಗುತ್ತದೆ, ಆ ವರ್ಷ ಮತ್ತೆ ಸಿಗುವುದಿಲ್ಲ. ಎರಡು ವರ್ಷ ಕೆಲಸ ಬಿಡಿ.

ಕೆಲಸ ಬಿಟ್ಟ ತಾಯಿ:
ಹಿರಿಯರಿಗೆ ಗೌರವಪೂರ್ವಕವಾಗಿಯೇ ಹೇಳುತ್ತೇನೆ, ಕೆಲಸ ಇನ್ನೊಂದು ಸಿಗುತ್ತದೆ ಎಂಬುದು ಎಲ್ಲರ ಪಾಲಿಗೂ ನಿಜವಲ್ಲ. ನಾನು ಎರಡು ವರ್ಷವೆಂದು ಬಿಟ್ಟದ್ದು ಏಳು ವರ್ಷವಾಯಿತು. ಮಗನನ್ನು ಎತ್ತಿ ಆಡಿಸಿದ ಒಂದು ದಿನಕ್ಕೂ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಸಂದರ್ಶನದಲ್ಲಿ ಎದುರಿಗಿದ್ದವರು ನನ್ನ ವಿವರಪತ್ರದಲ್ಲಿನ ಆ ಖಾಲಿ ವರ್ಷಗಳ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತಾಗ ಗಂಟಲು ಕಟ್ಟಿತು. ಭಾಷೆಯ ಮಾತಿಗೆ ಬಂದರೆ, ನನ್ನ ತಂಗಿಯ ಮಗಳು ಆರು ತಿಂಗಳಿನಿಂದ ಡೇಕೇರ್‌ಗೆ ಹೋದವಳು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಆಡದ ಕಾರಣ ಅವಳ ಕನ್ನಡ ನನ್ನ ಮಗನದಕ್ಕಿಂತ ಚೆನ್ನಾಗಿದೆ.

ಹಿರಿಯ ಸದಸ್ಯರು:
ಒಂದು ಮಗುವಿನ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ. ನಾನು ಹಲವು ಮನೆಗಳನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ತಾಯಿಯಾದವಳು ಮೊದಲು ಮಗುವನ್ನು ನೋಡಬೇಕು.

ಒಬ್ಬ ತಂದೆ:
ಇಷ್ಟೆಲ್ಲ ಚರ್ಚೆಯಲ್ಲಿ ತಂದೆಯ ಹೆಸರೇ ಬರಲಿಲ್ಲ. ನಮ್ಮ ಮೊದಲ ಮಗು ಹುಟ್ಟಿದಾಗ ನನ್ನನ್ನೂ ಯಾರೂ ಕೇಳಲಿಲ್ಲ, ನಾನಾಗಿಯೂ ಮುಂದೆ ಬರಲಿಲ್ಲ. ಆ ಮಗು ಬೆಚ್ಚಿ ಎದ್ದಾಗ ನನ್ನ ಕೈಯಲ್ಲಿ ಸಮಾಧಾನವಾಗುತ್ತಲೇ ಇರಲಿಲ್ಲ. ಎರಡನೆಯ ಮಗುವಿಗೆ ನಾನು ಬೆಳಗ್ಗೆ 7ಕ್ಕೆ ಕೆಲಸಕ್ಕೆ ಹೋಗಿ 3ಕ್ಕೆ ಮರಳಿದೆ, ಹೆಂಡತಿ 10ಕ್ಕೆ ಹೊರಟಳು. ಹೀಗೆ ಡೇಕೇರ್‌ನಲ್ಲಿ ಮಗು ಇರುತ್ತಿದ್ದದ್ದು 5 ಗಂಟೆ ಮಾತ್ರ. ಗುಂಪಿನಲ್ಲಿ ಬೆಳೆಯುವ ಕೂಸಿಗೆ ಮೊದಲ ವರ್ಷ ಮೇಲಿಂದ ಮೇಲೆ ನೆಗಡಿ, ಜ್ವರ ಬರುತ್ತದೆ; ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಂದು ಕರೆದುಕೊಂಡು ಹೋಗಿ ಎಂದು ಕರೆ ಬರುತ್ತದೆ. ಆ ದಿನ ಯಾರು ರಜೆ ಹಾಕುವುದು ಎಂಬುದನ್ನು ನೀವು ಗಂಡಹೆಂಡತಿ ಈಗಲೇ ಮಾತಾಡಿಕೊಳ್ಳಿ.

ಒಬ್ಬ ಅಜ್ಜಿ:
ಮಗಳೇ, ನಾನು ಮೊಮ್ಮಗನನ್ನು ನೋಡಿಕೊಳ್ಳಲೆಂದೇ ಬಂದವಳು, ಸಂತೋಷದಿಂದಲೇ ಬಂದೆ. ಆದರೆ ಅಂಬೆಗಾಲಿಡಲು ಶುರುಮಾಡಿದ ಮಗುವಿನ ಹಿಂದೆ ನೆಲದಿಂದ ಏಳುವುದು, ಕೂರುವುದು ನನ್ನ ಮಂಡಿಗೆ ಆಗಲಿಲ್ಲ. ಅದನ್ನು ಹೇಳಿದರೆ ಮಗನಿಗೆ ಬೇಸರವಾದೀತೆಂದು ಮೂರು ತಿಂಗಳು ಬಾಯಿಬಿಡಲಿಲ್ಲ. ನಿಮ್ಮ ಅತ್ತೆಯವರನ್ನು ಬನ್ನಿ ಎನ್ನುವುದಕ್ಕೆ ಮೊದಲು ದಿನಕ್ಕೆ ಎಷ್ಟು ಹೊತ್ತು ಆಗುತ್ತದೆ ಎಂದು ಕೇಳಿ. ವೀಸಾ ಮುಗಿದು ನಾನು ಹೊರಟಾಗ ಮಗುವಿಗೆ ಹತ್ತು ತಿಂಗಳು. ಹೊಸಬರನ್ನು ಕಂಡರೆ ಚೀರುವ ವಯಸ್ಸು ಅದು. ಆಗ ಡೇಕೇರ್‌ಗೆ ಹಾಕಿದ್ದರಿಂದ ಅವನೂ ಅತ್ತ, ಅವನ ತಾಯಿಯೂ ಅತ್ತಳು. ನಾನಿರುವಾಗಲೇ ಅರ್ಧ ದಿನ ಅಭ್ಯಾಸ ಮಾಡಿಸಬೇಕಿತ್ತು.

ಪ್ರಶ್ನೆ ಕೇಳಿದ ತಾಯಿ:
ಅಮ್ಮ, ನೀವು ಹೇಳಿದ್ದನ್ನು ಓದಿದ ಮೇಲೆ ಅತ್ತೆಯವರೊಡನೆ ಮನಬಿಚ್ಚಿ ಮಾತನಾಡಿದೆ. ಮೊದಲ ಎರಡು ತಿಂಗಳು ಬರುತ್ತಾರೆ, ಮಗು ಅರ್ಧ ದಿನ ಮಾತ್ರ ಡೇಕೇರ್‌ಗೆ ಹೋಗುತ್ತದೆ. ನಿನ್ನೆ ಸಂಜೆ ಹೇಳದೆ ಕೇಳದೆ ಇನ್ನೊಂದು ಡೇಕೇರ್‌ಗೆ ಹೋದೆವು. ಕೋಣೆಯಲ್ಲಿ 6 ಮಕ್ಕಳಿಗೆ ಇಬ್ಬರು ಇದ್ದರು. ಒಬ್ಬರು ನೆಲದ ಮೇಲೆ ಕುಳಿತು ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಣ್ಣು ನೋಡುತ್ತಾ ಹಾಲು ಕುಡಿಸುತ್ತಿದ್ದರು. ಬಾಗಿಲಲ್ಲಿ ನಾವು ನಿಂತಿದ್ದರೂ ಅವರ ಗಮನ ಕದಲಲಿಲ್ಲ. ಅಲ್ಲಿಗೇ ಸೇರಿಸುತ್ತಿದ್ದೇವೆ. ಬಾಟಲಿಯ ವಿಚಾರವನ್ನು ಮಾತ್ರ ಯಾರೂ ಹೇಳಲಿಲ್ಲ.

ಇಬ್ಬರು ಮಕ್ಕಳ ತಾಯಿ:
ಮಾತು ಎಲ್ಲೆಲ್ಲಿಗೋ ಹೋಗಿ ಅದು ಉಳಿದೇ ಹೋಯಿತು, ಕ್ಷಮಿಸಿ. ಬಾಟಲಿಯನ್ನು ನೀವು ಕೊಡಬೇಡಿ, ನಿಮ್ಮ ಯಜಮಾನರು ಕೊಡಲಿ. ನೀವು ಬೇರೆ ಕೋಣೆಯಲ್ಲಿರಿ. ಹಸಿದು ಅಳುವ ತನಕ ಕಾಯದೆ, ಸ್ವಲ್ಪ ಹಸಿವಾದಾಗಲೇ, ನಿಧಾನವಾಗಿ ಹನಿಯುವ ನಿಪ್ಪಲ್ ಹಾಕಿ ಪ್ರಯತ್ನಿಸಲಿ. ಒಲ್ಲೆ ಎಂದರೆ ಬಲವಂತ ಮಾಡದೆ ಎತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಲಿ. ಹಿಂಡಿ ತೆಗೆದ ಎದೆಹಾಲು ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಮೈಕ್ರೋವೇವ್‌ನಲ್ಲಿ ಇಡದೆ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ನಿಲ್ಲಿಸಿ ಬೆಚ್ಚಗೆ ಮಾಡಿ. 6 ವಾರ ಇದೆಯಲ್ಲ, ಇವತ್ತಿನಿಂದಲೇ ದಿನಕ್ಕೊಂದು ಸಲ ಶುರುಮಾಡಿ.