ಕಾಡಂಚಿನ ಮನೆ, ಮಕ್ಕಳು, ಲೈಮ್ ಕಾಯಿಲೆ

ಕನೆಕ್ಟಿಕಟ್‌ನಲ್ಲಿ ಕಾಡಿಗೆ ಅಂಟಿಕೊಂಡಿರುವ ಮನೆ ಇಷ್ಟವಾಗಿದೆ, ಲೈಮ್ ಕಾಯಿಲೆಗೆ ಹೆದರಿ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ಟಿಕ್ (ಉಣುಗು) ಕಚ್ಚಿ ಬರುವ ಈ ಕಾಯಿಲೆ ಈ ಕಡೆ ಜಾಸ್ತಿ ಅನ್ನೋದು ನಿಜ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನ ಇದಕ್ಕೆ ಚಿಕಿತ್ಸೆ ಪಡೆಯುತ್ತಾರೆ ಅಂತ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು. ಹೆಸರು ಬಂದಿದ್ದೇ ಕನೆಕ್ಟಿಕಟ್‌ನ ಲೈಮ್ ಊರಿಂದ. 1975ರ ಹೊತ್ತಿಗೆ ಅಲ್ಲಿ ಒಂದರ ಹಿಂದೆ ಒಂದು ಮಗುವಿಗೆ ಮಂಡಿ ಊದಿಕೊಳ್ಳತೊಡಗಿತು, ಇಬ್ಬರು ತಾಯಂದಿರು ಹಟ ಹಿಡಿದಿದ್ದಕ್ಕೇ ತನಿಖೆ ಶುರುವಾಯಿತು.

ಎಲ್ಲರೂ ಜಿಂಕೆಯನ್ನೇ ಬೈಯುತ್ತಾರೆ. ಬೆಳೆದ ಟಿಕ್‌ಗೆ ಜಿಂಕೆಯ ರಕ್ತ ಬೇಕು, ಸರಿ. ಆದರೆ ರೋಗಾಣು ಮುಖ್ಯವಾಗಿ ಇರೋದು ಬಿಳಿಕಾಲಿನ ಇಲಿಯ ಮೈಯಲ್ಲಿ. ಮರಿ ಟಿಕ್ ಅದನ್ನು ಕಚ್ಚಿ ರೋಗಾಣು ಹತ್ತಿಸಿಕೊಳ್ಳುತ್ತದೆ, ಮರುವರ್ಷ ನಮ್ಮ ಮಕ್ಕಳ ಕಾಲು ಹತ್ತುತ್ತದೆ. ಇಲಿ ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ. ಮಲೆನಾಡಿನವರಿಗೆ ಗೊತ್ತು, ಮಂಗನ ಕಾಯಿಲೆಯಲ್ಲಿ ಕಾಡಲ್ಲಿ ಮಂಗ ಸತ್ತುಬಿದ್ದರೆ ಊರೆಲ್ಲ ಎಚ್ಚರವಾಗುತ್ತದೆ. (ಅದು ವೈರಸ್, ಇದು ಬ್ಯಾಕ್ಟೀರಿಯಾ. ಎರಡೂ ಉಣುಗಿನಿಂದ ಬರುತ್ತವೆ ಅಂತ ಒಂದೇ ಮಾಡಬೇಡಿ.) ಇಲ್ಲಿ ಅಂಥ ಸುಳಿವು ಯಾವುದೂ ಸಿಗೋದಿಲ್ಲ.

ನಮ್ಮವರು ಮೋಸ ಹೋಗೋದು ಈ ಕಾಯಿಲೆಯಲ್ಲಿ ಚರ್ಮದ ಮೇಲೆ ಏಳುವ ಕಲೆಯ ವಿಷಯದಲ್ಲಿ. ಎಲ್ಲಿ ನೋಡಿದರೂ ಬಿಳಿ ಚರ್ಮದ ಮೇಲೆ ಕೆಂಪು ಉಂಗುರದ ಫೋಟೊ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಅದು ಹಾಗೇ ಕಾಣಬೇಕು ಅಂತಿಲ್ಲ, ಎಲ್ಲೋ ಬಿದ್ದು ಕಂದಿದ ಹಾಗೆ ಕಾಣಬಹುದು, ಉಂಗುರವೇ ಇಲ್ಲದೆ ಬರೀ ಅಗಲವಾಗುತ್ತಾ ಹೋಗಬಹುದು, ಕೆಲವರಿಗೆ ಕಲೆಯೇ ಏಳೋದಿಲ್ಲ. ಬಣ್ಣ ಬಿಡಿ, ದಿನದಿನಕ್ಕೆ ಹರಡುತ್ತಿದೆಯಾ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಪರೀಕ್ಷೆ ಹುಡುಕೋದು ರೋಗಾಣುವಿನ ವಿರುದ್ಧ ಮೈಯಲ್ಲಿ ಹುಟ್ಟುವ ಆ್ಯಂಟಿಬಾಡಿಯನ್ನು, ಅದು ಹುಟ್ಟೋಕೆ ಅಷ್ಟು ಸಮಯ ಬೇಕು. ಹಾಗಾಗಿ ಬೇಸಿಗೆಯಲ್ಲಿ ಮಗುವಿಗೆ ಜ್ವರ, ಸುಸ್ತು ಬಂದರೆ, ಮುಖ ಒಂದು ಕಡೆ ಜೋತುಬಿದ್ದರಂತೂ, ಟಿಕ್ ಮಾತು ನೀವೇ ಎತ್ತಿ, ಡಾಕ್ಟರ್ ಕೇಳಲಿ ಅಂತ ಕಾಯಬೇಡಿ. ಬೇಗ ಆ್ಯಂಟಿಬಯೋಟಿಕ್ ಕೊಟ್ಟರೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತದೆ.

ಮೇ ತಿಂಗಳಿಂದ ಜುಲೈವರೆಗೆ ಓಡಾಡೋದು ಗಸಗಸೆ ಗಾತ್ರದ ಎಳೇ ಟಿಕ್, ಕಣ್ಣಿಗೆ ಬೀಳೋದೇ ಕಷ್ಟ. ರೋಗಾಣು ದಾಟಬೇಕಾದರೆ ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಅದು ಕಚ್ಚಿಕೊಂಡಿರಬೇಕು. ಅದಕ್ಕೇ ಸಂಜೆ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಎಲ್ಲಾ ನೋಡಿ, ಜಡೆ ಬಿಚ್ಚಿ ತಲೆಯನ್ನೂ ನೋಡಿ. ಊರಿಂದ ಬಂದ ಅಜ್ಜಿ-ತಾತ ಹಿತ್ತಲಲ್ಲಿ ಮೆಂತ್ಯ, ಟೊಮೆಟೊ ಅಂತ ಕೂತರೆ ಅವರಿಗೂ ಹೇಳಿ. ಸಿಕ್ಕರೆ ಸಣ್ಣ ಮೂತಿಯ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಬಟ್ಟೆಯನ್ನು ಒಗೆಯೋಕೆ ಮೊದಲೇ ಜೋರು ಬಿಸಿಯಲ್ಲಿ 10 ನಿಮಿಷ ಡ್ರೈಯರ್‌ಗೆ ಹಾಕಿ.

ಮನೆ ತಗೊಂಡರೆ ಉಯ್ಯಾಲೆ, ಜಾರುಬಂಡಿ ಕಾಡಂಚಿನಲ್ಲಿ ಇಡಬೇಡಿ, ಬಿಸಿಲು ಬೀಳುವ ಕಡೆ ಇಡಿ. ಹುಲ್ಲು ಕಾಡು ಸೇರುವಲ್ಲಿ ಮೂರಡಿ ಅಗಲಕ್ಕೆ ಮರದ ಚಕ್ಕೆ ಹರಡಿಸಿ, ಒಣಗಿದ ಎಲೆ ಗುಡ್ಡೆ ಬೀಳೋಕೆ ಬಿಡಬೇಡಿ.